ಷರತ್ತು ಹಾಕಿದ್ದು ಸರ್ಕಾರ, ಗಂಡನಲ್ಲ: ಎರಡು ವರ್ಷದ ಗ್ರೀನ್ ಕಾರ್ಡ್ ಹಿಡಿದವರಿಗೆ ಒಂದು ಬಹಿರಂಗ ಪತ್ರ

ಅಮೆರಿಕದ ಪ್ರಜೆಯನ್ನು ಮದುವೆಯಾಗಿ ಇಲ್ಲಿಗೆ ಬಂದ ತಂಗಿಯರಿಗೆ, ತಮ್ಮಂದಿರಿಗೆ, ಊರಲ್ಲಿರುವ ಅವರ ಅಪ್ಪ-ಅಮ್ಮಂದಿರಿಗೆ ನಮಸ್ಕಾರ.

ಹೋದ ಭಾನುವಾರ ಮಂಡ್ಯ ಕಡೆಯ ಹುಡುಗಿಯೊಬ್ಬಳು ಗಂಡನ ಜೊತೆ ನಮ್ಮನೆಗೆ ಊಟಕ್ಕೆ ಬಂದಿದ್ದಳು. ಊಟ ಆದ ಮೇಲೆ ಗಂಡಸರು ಕ್ರಿಕೆಟ್ ಹಾಕಿಕೊಂಡು ಕೂತರು. ನಾವಿಬ್ಬರೂ ಪಾತ್ರೆ ಎತ್ತಿಡುತ್ತಿದ್ದೆವು. ಮಾತಿಗೆ ಮಾತು ಬಂದು ಕೇಳಿದೆ, "ನಿನ್ನ ಗ್ರೀನ್ ಕಾರ್ಡ್ ಎರಡು ವರ್ಷದ್ದೋ ಹತ್ತು ವರ್ಷದ್ದೋ?"

"ಗೊತ್ತಿಲ್ಲ ಅಕ್ಕ. ನಮ್ಮನೆಯವರ ಪರ್ಸಲ್ಲಿದೆ."

ಪರ್ಸು ತರಿಸಿದೆವು. ಕಾರ್ಡಿನ ಮೇಲೆ ಸಿಆರ್1 ಅಂತಿತ್ತು, ಅಂದರೆ ಎರಡು ವರ್ಷದ ಷರತ್ತಿನ ಕಾರ್ಡು. ಅವಧಿ ಮುಗಿಯೋಕೆ ಐವತ್ತೆರಡು ದಿನ ಉಳಿದಿತ್ತು. ಅಷ್ಟರೊಳಗೆ ಷರತ್ತು ತೆಗೆಸೋಕೆ ಅರ್ಜಿ ಹಾಕಬೇಕು ಅನ್ನೋದೇ ಅವಳಿಗೆ ಗೊತ್ತಿರಲಿಲ್ಲ. ಅವಳ ಗಂಡನಿಗೆ ಗೊತ್ತಿತ್ತು, "ಮುಂದಿನ ತಿಂಗಳು ನೋಡೋಣ ಅಂತಿದ್ದೆ ಅಕ್ಕ" ಅಂದ. ಒಳ್ಳೆಯ ಹುಡುಗನೇ. ಆದರೆ ಕಾರ್ಡು ಯಾರದ್ದು, ತಲೆಬಿಸಿ ಯಾರದ್ದು, ದಿನಾಂಕ ತಪ್ಪಿದರೆ ಕೋರ್ಟಿನ ನೋಟಿಸು ಬರುವುದು ಯಾರ ಹೆಸರಿಗೆ? ಅವಳ ಹೆಸರಿಗೆ. ಅದಕ್ಕೇ ಈ ಪತ್ರ.

ಮೊದಲು ಕಾರ್ಡು ನಿಮ್ಮ ಪರ್ಸಿಗೆ ಬರಲಿ. ಇದು ಹೆಣ್ಣುಮಕ್ಕಳ ಹಕ್ಕಿನ ಭಾಷಣ ಅಲ್ಲ. 18 ವರ್ಷ ದಾಟಿದ ಪ್ರತಿ ಕಾಯಂ ನಿವಾಸಿಯೂ ಕಾರ್ಡನ್ನು ತನ್ನ ಜೊತೆಯಲ್ಲೇ ಇಟ್ಟುಕೊಂಡಿರಬೇಕು ಅಂತ ಇಲ್ಲಿನ ಕಾನೂನೇ ಹೇಳುತ್ತದೆ. ಗಂಡನ ಪರ್ಸಲ್ಲಿ, ಅತ್ತೆಯ ಲಾಕರಲ್ಲಿ, ದೇವರ ಮನೆಯ ಡಬ್ಬಿಯಲ್ಲಿ ಅಲ್ಲ.

ಇನ್ನು ಈ ಎರಡು ವರ್ಷದ ಲೆಕ್ಕ ಏನು ಅಂತ ಹೇಳುತ್ತೇನೆ. ಎಚ್-1ಬಿ ಅನ್ನುವ ಕೆಲಸದ ವೀಸಾದ ದಾರಿಯಲ್ಲಿ, ಕಂಪನಿ ಕಡೆಯಿಂದ ಗ್ರೀನ್ ಕಾರ್ಡ್ ಪಡೆದವರಿಗೆ ಈ ತಾಪತ್ರಯ ಇಲ್ಲ. ವರ್ಷಗಟ್ಟಲೆ ಕ್ಯೂನಲ್ಲಿ ನಿಂತರೂ ಸಿಗುವಾಗ ಹತ್ತು ವರ್ಷದ ಕಾರ್ಡೇ ಸಿಗುತ್ತದೆ. ನಮ್ಮ ಕಥೆ ಬೇರೆ. ಇಲ್ಲೇ ಹುಟ್ಟಿದ ಅಥವಾ ಇಲ್ಲಿನ ಪೌರತ್ವ ತಗೊಂಡ ಹುಡುಗ ಊರಿಗೆ ಬಂದು ಮದುವೆಯಾಗುತ್ತಾನೆ. ಆಮೇಲೆ ನಾವು ಮುಂಬೈಗೆ ಹೋಗಿ ವೀಸಾ ಇಂಟರ್‌ವ್ಯೂ ಮುಗಿಸಿ ಇಲ್ಲಿಗೆ ಬರುತ್ತೇವೆ. ವಿಮಾನ ಇಳಿದು ಒಳಗೆ ಬಂದ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಕಾರ್ಡು ಷರತ್ತಿನದು. ನನ್ನ ಮದುವೆ 2018ರ ಫೆಬ್ರವರಿಯಲ್ಲಿ, ನಾನು ಬಂದಿಳಿದದ್ದು 2019ರ ಮಾರ್ಚಲ್ಲಿ. ಹದಿಮೂರು ತಿಂಗಳು. ಅದಕ್ಕೇ ಸಿಆರ್1. ಎರಡು ವರ್ಷ ದಾಟಿಸಿ ಬಂದಿದ್ದರೆ ಐಆರ್1 ಆಗಿ ನೇರ ಹತ್ತು ವರ್ಷದ್ದು ಸಿಗುತ್ತಿತ್ತು. ಇಲ್ಲೇ ಇದ್ದುಕೊಂಡು ಸ್ಟೇಟಸ್ ಬದಲಾಯಿಸಿಕೊಂಡವರ ಕಾರ್ಡಲ್ಲಿ ಸಿಆರ್6 ಅಂತಿರುತ್ತದೆ, ಕಥೆ ಅದೇ.

ಷರತ್ತು ಅಂದ ತಕ್ಷಣ ಅರ್ಧ ಹಕ್ಕು ಅಂದುಕೊಳ್ಳಬೇಡಿ. ಕೆಲಸ ಮಾಡಬಹುದು, ಓದಬಹುದು, ಊರಿಗೆ ಹೋಗಿ ಬರಬಹುದು. ಬೇರೆ ಪರ್ಮಿಟ್ ಬೇಕಿಲ್ಲ. ಹತ್ತು ವರ್ಷದ ಕಾರ್ಡಿನವರಿಗೆ ಇರುವುದೆಲ್ಲ ನಿಮಗೂ ಇದೆ. ಇರುವ ವ್ಯತ್ಯಾಸ ಒಂದೇ. ಎರಡನೇ ವರ್ಷದ ಕೊನೆಗೆ, "ಇದು ನಿಜವಾದ ಮದುವೆ, ಕಾರ್ಡಿಗೋಸ್ಕರ ಮಾಡಿಕೊಂಡಿದ್ದಲ್ಲ" ಅಂತ ಇನ್ನೊಂದು ಸಲ ತೋರಿಸಬೇಕು. ಈ ನಿಯಮ ಬಂದದ್ದು 1986ರಲ್ಲಿ, ಮದುವೆ ಹೆಸರಲ್ಲಿ ನಡೆಯುವ ಮೋಸ ತಡೆಯೋಕೆ ಅಂತ ಮಾಡಿದ ಕಾನೂನಿನಿಂದ. ಹುಟ್ಟಿದ್ದೇ ಅನುಮಾನದಲ್ಲಿ. ಹಾಗಾಗಿ ಅರ್ಜಿಯ ಪ್ರಶ್ನೆಗಳಲ್ಲಿ ಅನುಮಾನದ ವಾಸನೆ ಇದ್ದೇ ಇದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಮ್ಮ ಕಡೆ ಹೆಣ್ಣು ನೋಡೋಕೆ ಬಂದವರು ಕೇಳುವ ಪ್ರಶ್ನೆಗಿಂತ ಇದು ವಾಸಿ.

ಅರ್ಜಿಯ ಹೆಸರು ಐ-751. ಕಾರ್ಡಿನ ಅವಧಿ ಮುಗಿಯುವ ಮೊದಲಿನ 90 ದಿನಗಳ ಒಳಗೇ ಹಾಕಬೇಕು. ಇಲ್ಲಿ ಜನ ಎಡವುವುದು ಜಾಸ್ತಿ. 90 ದಿನ ಅಂದರೆ 90 ದಿನ, ಮೂರು ತಿಂಗಳಲ್ಲ. ಜೂನ್ 30ಕ್ಕೆ ಕಾರ್ಡು ಮುಗಿಯುತ್ತದೆ ಅಂದುಕೊಳ್ಳಿ. ಮೂರು ತಿಂಗಳು ಅಂತ ಮಾರ್ಚ್ 30ಕ್ಕೇ ತಲುಪುವ ಹಾಗೆ ಕಳಿಸಿದರೆ ಬೇಗ ಬಂತು ಅಂತ ಕವರು ವಾಪಸ್ ಬರಬಹುದು. ದಿನ ಎಣಿಸಿದರೆ ಬಾಗಿಲು ತೆರೆಯುವುದು ಏಪ್ರಿಲ್ 1ಕ್ಕೆ. ಮುಗಿಯುವ ದಿನ ದಾಟಿದರೆ ಇನ್ನೂ ಕಷ್ಟ. ಕಾನೂನಿನ ಪ್ರಕಾರ ನಿಮ್ಮ ನಿವಾಸದ ಹಕ್ಕೇ ಬಿದ್ದು ಹೋಗುತ್ತದೆ, ವಲಸೆ ಕೋರ್ಟಿಗೆ ಹಾಜರಾಗಿ ಅನ್ನುವ ನೋಟಿಸು ಬರಬಹುದು. ತಡವಾಗೋಕೆ ಗಟ್ಟಿ ಕಾರಣ ಇದ್ದರೆ, ಆಸ್ಪತ್ರೆ, ಸಾವು, ಅಂಥದ್ದೇನಾದರೂ, ಅದನ್ನು ಬರೆದು ದಾಖಲೆ ಸಮೇತ ಕಳಿಸಿದರೆ ಒಪ್ಪಿಕೊಳ್ಳುವ ಅವಕಾಶ ಇದೆ. "ಮರೆತೆ" ಅನ್ನುವುದು ಗಟ್ಟಿ ಕಾರಣ ಅಲ್ಲ.

ಯಾರಾದರೂ ನಿಮಗೆ ನೆನಪು ಮಾಡುತ್ತಾರೆ ಅಂತ ಕಾಯಬೇಡಿ. ಇವತ್ತೇ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ನಿಮ್ಮ ಫೋನಿನಲ್ಲಿ.

ಶುಲ್ಕ ನಾನು ಹಾಕುವಾಗ ಬೆರಳಚ್ಚಿನದ್ದೂ (ಫಿಂಗರ್ ಪ್ರಿಂಟ್) ಸೇರಿ 680 ಡಾಲರ್ ಇತ್ತು. 2024ರ ಏಪ್ರಿಲ್ 1ರಿಂದ 750 ಆಗಿದೆ. ವರಮಾನ ತೀರಾ ಕಡಿಮೆ ಇರುವವರು ಮನ್ನಾ ಕೇಳಬಹುದು, ಅದಕ್ಕೆ ಐ-912 ಅನ್ನುವ ಬೇರೆ ಫಾರಂ ಇದೆ. ಶುಲ್ಕ, ಕಟ್ಟುವ ರೀತಿ, ಫಾರಂನ ಆವೃತ್ತಿ, ಕಳಿಸುವ ವಿಳಾಸ ಇವೆಲ್ಲ ಆಗಾಗ ಬದಲಾಗುತ್ತವೆ. ಕಳಿಸುವ ದಿನ ಇಲ್ಲಿನ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್ ತಾಣದಲ್ಲಿ ಇನ್ನೊಂದು ಸಲ ನೋಡಿ. ಸ್ನೇಹಿತೆ ಹೋದ ವರ್ಷ ಇಳಿಸಿಕೊಂಡ ಫಾರಂ ತುಂಬಿಸಿ ಕಳಿಸಬೇಡಿ, ಹಳೇ ಆವೃತ್ತಿ ಅಂತ ವಾಪಸ್ ಬರುತ್ತದೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಪುರಾವೆ.

ಮದುವೆ ಆಲ್ಬಂ ಕಳಿಸಿದರೆ ಸಾಕು ಅಂತ ನಾನೂ ಅಂದುಕೊಂಡಿದ್ದೆ. ತುಮಕೂರಿನ ಕಲ್ಯಾಣ ಮಂಟಪ, ಎಂಟುನೂರು ಜನ, ಧಾರೆ, ಆರತಕ್ಷತೆ, ಲಗ್ನಪತ್ರಿಕೆ. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಬೇಕು. ಮದುವೆ ನಡೆಯಿತು ಅನ್ನುವುದನ್ನು ವೀಸಾ ಕೊಡುವಾಗಲೇ ಅವರು ನೋಡಿಯಾಗಿದೆ. ಈಗ ಅವರು ನೋಡುವುದು ಆಮೇಲಿನ ಸಂಸಾರ. ಒಂದು ಮನೆ, ಒಂದು ಖರ್ಚು, ಒಬ್ಬರ ಕಷ್ಟಕ್ಕೆ ಇನ್ನೊಬ್ಬರು. ಇಬ್ಬರ ಹೆಸರೂ ಇರುವ ಬಾಡಿಗೆ ಕರಾರು ಅಥವಾ ಮನೆ ಸಾಲದ ಪತ್ರ, ಜಂಟಿ ಬ್ಯಾಂಕ್ ಖಾತೆ, ಗಂಡ-ಹೆಂಡತಿ ಒಟ್ಟಿಗೆ ಸಲ್ಲಿಸಿದ ತೆರಿಗೆ ಲೆಕ್ಕ, ಮಗುವಾಗಿದ್ದರೆ ಜನನ ಪತ್ರ. ಒಬ್ಬರ ಆಫೀಸಿನ ಆರೋಗ್ಯ ವಿಮೆಯಲ್ಲಿ ಇನ್ನೊಬ್ಬರ ಹೆಸರು, ಜೀವ ವಿಮೆಗೆ ಮತ್ತು ನಿವೃತ್ತಿ ಹಣಕ್ಕೆ ನಾಮಿನಿ, ಕಾರಿನ ವಿಮೆ, ಕರೆಂಟ್ ಬಿಲ್ಲು.

ನನ್ನ ಕಥೆ ಹೇಳುತ್ತೇನೆ ಕೇಳಿ. ಬಂದ ಮೊದಲ ಒಂದೂವರೆ ವರ್ಷ ನಾವು ನ್ಯೂಜೆರ್ಸಿಯಲ್ಲಿ ಮಾವನವರ ಮನೆಯಲ್ಲೇ ಇದ್ದೆವು. ಮನೆ ಮಾವನವರ ಹೆಸರಲ್ಲಿ. ಕರೆಂಟು, ನೀರು, ಗ್ಯಾಸು ಎಲ್ಲ ಅವರ ಹೆಸರಲ್ಲಿ. ಫೋನು ಗಂಡನ ಹಳೇ ಪ್ಲಾನಲ್ಲಿ ಇನ್ನೊಂದು ಲೈನು. ಬ್ಯಾಂಕಲ್ಲಿ ನನಗೆ ಖಾತೆಯೇ ಇರಲಿಲ್ಲ. ಬೇಕಾದಾಗ ಇವರ ಕಾರ್ಡು ತಗೊಂಡು ಹೋಗುತ್ತಿದ್ದೆ. ಕಷ್ಟ ಏನೂ ಇರಲಿಲ್ಲ. ಅತ್ತೆ ದಿನಾ ಬೆಳಿಗ್ಗೆ ನನಗೂ ಸೇರಿಸಿಯೇ ಡಿಕಾಕ್ಷನ್ ಇಳಿಸುತ್ತಿದ್ದರು. ಆದರೆ ಅಡುಗೆ ಮನೆಯಲ್ಲಿ ಲೋಟ ಇದ್ದವಳಿಗೆ ಇಡೀ ದೇಶದಲ್ಲಿ ಒಂದು ಕಾಗದ ಇರಲಿಲ್ಲ.

ಆರತಿ, ಅರಿಶಿನ, ಒಂದೇ ತಟ್ಟೆ ಇದ್ಯಾವುದನ್ನೂ ಅಧಿಕಾರಿ ಓದೋಕೆ ಆಗುವುದಿಲ್ಲ. ಅವರು ಓದುವುದು ಹೆಸರು, ವಿಳಾಸ, ತಾರೀಖು. ನಮ್ಮ ಕಡೆಯ ಒಟ್ಟು ಕುಟುಂಬದಲ್ಲಿ ಸೊಸೆಯ ಹೆಸರು ಯಾವ ಬಿಲ್ಲಿನ ಮೇಲೂ ಇರುವುದಿಲ್ಲ. ಯಾರೂ ಬೇಕು ಅಂತ ಬಿಟ್ಟಿರುವುದಿಲ್ಲ, ಹಾಗೇ ನಡೆದುಕೊಂಡು ಬಂದಿರುತ್ತದೆ ಅಷ್ಟೇ. ಊರಲ್ಲಾದರೆ ರೇಷನ್ ಕಾರ್ಡಿನಲ್ಲಾದರೂ ಹೆಸರು ಸೇರುತ್ತದೆ. ಇಲ್ಲಿ ಸೇರಿಸದೆ ಸೇರುವುದಿಲ್ಲ.

ಅತ್ತೆ-ಮಾವನ ಮನೆಯಲ್ಲಿರುವವರು ಗಾಬರಿ ಆಗಬೇಡಿ, ದಾರಿ ಇದೆ. ಇಬ್ಬರ ಡ್ರೈವಿಂಗ್ ಲೈಸೆನ್ಸಿನಲ್ಲೂ ಅದೇ ವಿಳಾಸ ಹಾಕಿಸಿ. ಬ್ಯಾಂಕಿನ ಸ್ಟೇಟ್‌ಮೆಂಟು, ವಿಮೆಯ ಪತ್ರ, ವೈದ್ಯರ ಬಿಲ್ಲು ಇಬ್ಬರ ಹೆಸರಿಗೂ ಆ ವಿಳಾಸಕ್ಕೇ ಬರಲಿ. ಮಾವನವರ ಹತ್ತಿರ, ಇವರಿಬ್ಬರೂ ಇಂಥ ದಿನದಿಂದ ನನ್ನ ಮನೆಯಲ್ಲೇ ಇದ್ದಾರೆ, ಬಾಡಿಗೆ ತಗೊಂಡಿಲ್ಲ ಅಂತ ಒಂದು ಅಫಿಡವಿಟ್ ಬರೆಸಿಕೊಳ್ಳಿ. ಮನೆ ಅವರದ್ದೇ ಅನ್ನೋಕೆ ತೆರಿಗೆ ರಸೀದಿಯ ಪ್ರತಿ ಜೊತೆಗಿಡಿ. ನಾನು ಹಾಗೇ ಮಾಡಿದೆ. ಮಾವನವರು ಹಳೇ ಕಾಲದ ಮೇಷ್ಟ್ರು. ಎರಡು ಪುಟ ಬರೆದರು. ಅದರಲ್ಲಿ ಅರ್ಧ ಪುಟ ನನ್ನ ಗಂಡನ ಸೋಮಾರಿತನದ ಬಗ್ಗೆ ಇತ್ತು. ಅದನ್ನೂ ಹಾಗೇ ಕಳಿಸಿದೆವು.

ತಾರೀಖಿನ ಬಗ್ಗೆ ಇನ್ನೊಂದು ಮಾತು. ಎರಡು ವರ್ಷದ ಸಂಸಾರಕ್ಕೆ ಎರಡು ವರ್ಷದ ಕಾಗದ ಬೇಕು. ಅರ್ಜಿಗೆ ಹದಿನೈದು ದಿನ ಮೊದಲು ತೆರೆದ ಜಂಟಿ ಖಾತೆ, ಅದರಲ್ಲಿ ನೂರು ಡಾಲರ್, ಬೇರೆ ವ್ಯವಹಾರ ಇಲ್ಲ. ಅದನ್ನು ನೋಡಿದರೆ ನನಗೇ ಅನುಮಾನ ಬರುತ್ತದೆ, ಅವರಿಗೆ ಬರದೇ ಇರುತ್ತಾ? ಸಂಬಳ ಬೀಳುವ, ದಿನಸಿ ಬಿಲ್ಲು ಹೋಗುವ ಖಾತೆ ಆಗಬೇಕು. ಎಲ್ಲಾ ತಿಂಗಳದ್ದೂ ಕಳಿಸಬೇಕಿಲ್ಲ. ಮೊದಲ ವರ್ಷದ ಒಂದೆರಡು, ನಡುವಿನವು, ಈಚಿನವು, ಹೀಗೆ ಹರಡಿ ಕೊಡಿ. ಎಲ್ಲದರದ್ದೂ ಪ್ರತಿ ಕಳಿಸಿ, ಮೂಲ ನಿಮ್ಮ ಹತ್ತಿರವೇ ಇರಲಿ. ಕನ್ನಡದಲ್ಲಿರುವ ಯಾವ ಕಾಗದ ಕಳಿಸಿದರೂ ಇಂಗ್ಲಿಷ್ ಅನುವಾದ ಪೂರ್ತಿ ಇರಬೇಕು. ಅನುವಾದ ಮಾಡಿದವರು ತಮಗೆ ಎರಡೂ ಭಾಷೆ ಬರುತ್ತದೆ, ಅನುವಾದ ಸರಿಯಾಗಿದೆ ಅಂತ ಬರೆದು ಸಹಿ ಹಾಕಬೇಕು.

ಹೆಸರಿನ ಪಜೀತಿ ಒಂದಿದೆ, ಇದು ನಮ್ಮವರಿಗೆ ಜಾಸ್ತಿ. ನಮ್ಮಲ್ಲಿ ಎಷ್ಟೋ ಜನಕ್ಕೆ ಮನೆತನದ ಹೆಸರೇ ಇಲ್ಲ. ಊರಿನ ಇನಿಷಿಯಲ್, ಅಪ್ಪನ ಇನಿಷಿಯಲ್, ಆಮೇಲೆ ಹೆಸರು. ಪಾಸ್‌ಪೋರ್ಟಿನ ಸರ್‌ನೇಮ್ ಜಾಗ ಖಾಲಿ. ವೀಸಾ ಮಾಡುವಾಗ ಇರುವ ಒಂದೇ ಹೆಸರನ್ನು ಮನೆತನದ ಹೆಸರಿನ ಜಾಗಕ್ಕೆ ತಳ್ಳಿ, ಮೊದಲ ಹೆಸರಿನ ಜಾಗದಲ್ಲಿ ಎಫ್ಎನ್‌ಯು ಅಂತ ಹಾಕುತ್ತಾರೆ, ಮೊದಲ ಹೆಸರು ಗೊತ್ತಿಲ್ಲ ಅಂತ. ನನ್ನ ಗೆಳತಿಯೊಬ್ಬಳನ್ನು ಒಂದು ಕ್ಲಿನಿಕ್ಕಿನಲ್ಲಿ "ಫ್ನೂ" ಅಂತಲೇ ಕರೆಯುತ್ತಿದ್ದರು. ನಗು ಬರುತ್ತದೆ. ಆದರೆ ಬ್ಯಾಂಕಲ್ಲಿ ಒಂದು, ಬಾಡಿಗೆ ಕರಾರಿನಲ್ಲಿ ಗಂಡನ ಹೆಸರು ಸೇರಿಸಿ ಇನ್ನೊಂದು, ವಿಮೆಯಲ್ಲಿ ಮತ್ತೊಂದು ಇದ್ದರೆ ಮೂರು ಜನ ಹೆಂಡತಿಯರ ಹಾಗೆ ಕಾಣುತ್ತದೆ. ಕಾರ್ಡಿನಲ್ಲಿ ಹೇಗಿದೆಯೋ ಎಲ್ಲಾ ಕಡೆ ಹಾಗೇ ಬರೆಸಿ. ಈಗಾಗಲೇ ಬೇರೆ ಬೇರೆ ಆಗಿದ್ದರೆ ಫಾರಂನಲ್ಲಿ ಬಳಸಿದ ಬೇರೆ ಹೆಸರುಗಳನ್ನು ಕೇಳುವ ಜಾಗ ಇದೆ, ಅಲ್ಲಿ ಎಲ್ಲವನ್ನೂ ಬರೆಯಿರಿ.

ಕಳಿಸಿದ ಮೇಲೆ ಐ-797 ಅಂತ ಒಂದು ರಸೀದಿ ಪತ್ರ ಬರುತ್ತದೆ. ಇದು ಬರೀ ರಸೀದಿ ಅಲ್ಲ. ನಿಮ್ಮ ಕಾರ್ಡಿನ ಅವಧಿಯನ್ನು ಮುಂದಕ್ಕೆ ಎಳೆಯುವುದು ಇದೇ ಕಾಗದ. ನನಗೆ ಕೊಟ್ಟಾಗ 18 ತಿಂಗಳಿತ್ತು. 2021ರಲ್ಲಿ 24 ಮಾಡಿದರು. 2023ರ ಜನವರಿಯಿಂದ 48 ತಿಂಗಳು. ನಾಲ್ಕು ವರ್ಷ! ಎರಡು ವರ್ಷದ ಕಾರ್ಡಿಗೆ ನಾಲ್ಕು ವರ್ಷದ ಬಾಲ. ಉದಾರತೆ ಅಂದುಕೊಳ್ಳಬೇಡಿ, ಅಷ್ಟು ಬೇಗ ನಿಮ್ಮ ಫೈಲು ತೆಗೆಯೋಕೆ ಆಗುವುದಿಲ್ಲ ಅಂತ ಅವರೇ ಒಪ್ಪಿಕೊಂಡ ಹಾಗೆ. ನನ್ನದು 2020ರ ಡಿಸೆಂಬರಲ್ಲಿ ಹಾಕಿದ್ದು 2022ರ ಅಕ್ಟೋಬರಿನಲ್ಲಿ ಮುಗಿಯಿತು. ನಡುವೆ ಬೆರಳಚ್ಚಿಗೆ ಕರೆದರು, ಹತ್ತು ನಿಮಿಷದ ಕೆಲಸ. ಕೆಲವರಿಗೆ ಹಳೇ ಬೆರಳಚ್ಚನ್ನೇ ಬಳಸಿಕೊಳ್ಳುತ್ತಾರೆ. ಆಮೇಲೆ ಇಪ್ಪತ್ತು ತಿಂಗಳ ಹತ್ತಿರ ಒಂದು ಮಾತೂ ಇಲ್ಲ. ಇದು ಮಾಮೂಲು. ದಿನಕ್ಕೆ ಮೂರು ಸಲ ಕೇಸ್ ಸ್ಟೇಟಸ್ ನೋಡಿದರೆ ಅದು ಬೇಗ ಆಗುವುದಿಲ್ಲ. ನಾನು ನೋಡಿದ್ದೇನೆ.

ಆ ರಸೀದಿಯ ಮೂಲ ಪ್ರತಿ ಎಷ್ಟು ಮುಖ್ಯ ಅಂತ ನನಗೆ ಕಲಿಸಿದ್ದು ಬೆಂಗಳೂರಿನ ವಿಮಾನ ನಿಲ್ದಾಣ. 2022ರ ಜನವರಿ. ತಂಗಿಯ ಮದುವೆ ಮುಗಿಸಿ ಒಬ್ಬಳೇ ವಾಪಸ್ ಹೊರಟಿದ್ದೆ. ರಾತ್ರಿ ಹನ್ನೊಂದೂವರೆ. ಕೌಂಟರಿನ ಹುಡುಗ ಕಾರ್ಡು ತಿರುಗಿಸಿ ನೋಡಿ, "ಮೇಡಂ, ಇದು ಹತ್ತು ತಿಂಗಳ ಹಿಂದೇನೇ ಎಕ್ಸ್‌ಪೈರ್ ಆಗಿದೆಯಲ್ಲ" ಅಂದ. ಪತ್ರ ಇದೆ ಅಂದೆ. ಕೊಡಿ ಅಂದ. ನನ್ನ ಹತ್ತಿರ ಇದ್ದದ್ದು ಫೋನಿನಲ್ಲಿ ತೆಗೆದ ಫೋಟೋ. ಮೂಲ ಪತ್ರ ನ್ಯೂಜೆರ್ಸಿಯ ಮನೆಯ ಡ್ರಾಯರಿನಲ್ಲಿ, ಕಳೆದುಹೋಗಬಾರದು ಅಂತ ಜೋಪಾನವಾಗಿ ಇಟ್ಟು ಬಂದಿದ್ದೆ! ಸೂಪರ್‌ವೈಸರ್ ಬಂದರು, ಎಲ್ಲಿಗೋ ಫೋನ್ ಮಾಡಿದರು, ಕೊನೆಗೆ ಆಗಲ್ಲ ಅಂದರು. ನನ್ನ ಎರಡು ಸೂಟ್‌ಕೇಸು, ಅಮ್ಮ ಕಟ್ಟಿಕೊಟ್ಟ ಸಾರಿನ ಪುಡಿ, ಹುರಿಗಾಳು ಎಲ್ಲ ಟ್ರಾಲಿಯಲ್ಲಿ ವಾಪಸ್. ಇವರು ಕೊರಿಯರ್ ಮಾಡಿದ ಪತ್ರ ಕೈಗೆ ಬರೋಕೆ ಆರು ದಿನ ಆಯಿತು. ಹೊಸ ಟಿಕೆಟಿನ ದುಡ್ಡು ಬೇರೆ. ಆ ಹುಡುಗನ ಮೇಲೆ ಆಗ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ತಪ್ಪು ನನ್ನದೇ. ಪಾಸ್‌ಪೋರ್ಟು, ಮುಗಿದ ಕಾರ್ಡು, ಮೂಲ ಪತ್ರ ಮೂರೂ ಒಂದೇ ಕವರಿನಲ್ಲಿ, ಕೈಚೀಲದಲ್ಲಿ ಇರಬೇಕು. ಪತ್ರ ಕಳೆದೇ ಹೋದರೆ ಯುಎಸ್‌ಸಿಐಎಸ್‌ಗೆ ಫೋನ್ ಮಾಡಿ ಪಾಸ್‌ಪೋರ್ಟಿನಲ್ಲಿ ಐ-551 ಮುದ್ರೆ, ಅಂದರೆ ಕಾಯಂ ನಿವಾಸಿ ಅನ್ನೋಕೆ ತಾತ್ಕಾಲಿಕ ಪುರಾವೆಯ ಮುದ್ರೆ, ಕೇಳಬಹುದು, ಆದರೆ ಅದು ಇಲ್ಲಿರುವಾಗ ಮಾಡುವ ಕೆಲಸ.

ಅಂದ ಹಾಗೆ, ಹೊಸ ಕೆಲಸಕ್ಕೆ ಸೇರುವಾಗ, ಡ್ರೈವಿಂಗ್ ಲೈಸೆನ್ಸ್ ನವೀಕರಿಸುವಾಗ ಇದೇ ಸಂಭಾಷಣೆ ಇನ್ನೊಂದು ರೂಪದಲ್ಲಿ ನಡೆಯುತ್ತದೆ. ಕಾರ್ಡಿನ ಜೊತೆ ಪತ್ರ ಇಟ್ಟು, ಸಾವಧಾನವಾಗಿ, ಈ ಸಾಲು ಓದಿ ಅಂತ ಬೆರಳಿಟ್ಟು ತೋರಿಸಿ. ಮನೆ ಬದಲಾಯಿಸಿದರೆ ಹತ್ತು ದಿನದೊಳಗೆ ವಿಳಾಸ ತಿಳಿಸಿ, ಇಲ್ಲದಿದ್ದರೆ ಅವರು ಕಳಿಸುವ ಪತ್ರ ಹಳೇ ಮನೆಯ ಡಬ್ಬಿಗೆ ಬಿದ್ದು, ನಿಮಗೆ ಗೊತ್ತಾಗುವಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಪುರಾವೆ ಸಾಲದು ಅನ್ನಿಸಿದರೆ ಇನ್ನಷ್ಟು ಕೊಡಿ ಅಂತ ಪತ್ರ ಬರುತ್ತದೆ. ಆರ್‌ಎಫ್‌ಇ ಅಂತಾರೆ. ಆಕಾಶ ತಲೆ ಮೇಲೆ ಬಿತ್ತು ಅಂದುಕೊಳ್ಳಬೇಡಿ. ಅದರಲ್ಲಿ ಹೇಳಿದ ಕೊನೆಯ ದಿನದೊಳಗೆ, ಕೇಳಿದ್ದನ್ನೆಲ್ಲ ಒಂದೇ ಸಲಕ್ಕೆ ಕಳಿಸಿ. ಇಂಟರ್‌ವ್ಯೂ ಎಲ್ಲರಿಗೂ ಇರುವುದಿಲ್ಲ, ನನಗಿರಲಿಲ್ಲ. ಕರೆದರೆ ಇಬ್ಬರೂ ಹೋಗಬೇಕು. ಮನೆಯಲ್ಲಿ ಯಾರು ಬೇಗ ಏಳುತ್ತೀರಿ, ಹೋದ ಹಬ್ಬಕ್ಕೆ ಎಲ್ಲಿದ್ದಿರಿ ಅಂತ ಕೇಳಬಹುದು. ಉತ್ತರ ಬಾಯಿಪಾಠ ಮಾಡಬೇಡಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ. ನಿಜವಾದ ಗಂಡಂದಿರಿಗೆ ಹೆಂಡತಿಯ ಸೀರೆಯ ಬಣ್ಣ ಯಾವತ್ತೂ ನೆನಪಿರುವುದಿಲ್ಲ, ಅದು ಆ ಅಧಿಕಾರಿಗೂ ಗೊತ್ತು.

ಕಾಯುತ್ತಿರುವಾಗಲೇ ಪೌರತ್ವದ ಅರ್ಜಿ ಹಾಕಬಹುದು ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಷರತ್ತಿನ ಎರಡು ವರ್ಷವೂ ಲೆಕ್ಕಕ್ಕೆ ಬರುತ್ತದೆ. ಪ್ರಜೆಯಾದ ಸಂಗಾತಿಯ ಜೊತೆ ಬಾಳುತ್ತಾ ಮೂರು ವರ್ಷ ಕಾಯಂ ನಿವಾಸಿಯಾಗಿದ್ದರೆ ಎನ್-400 ಹಾಕಬಹುದು, ಅದನ್ನೂ 90 ದಿನ ಮೊದಲೇ. ಎರಡೂ ಫೈಲು ಒಟ್ಟಿಗೆ ನೋಡಿ ಮುಗಿಸುವುದುಂಟು. ಆದರೆ ಬಾಣಂತನಕ್ಕೆ ಅಂತ ಊರಿಗೆ ಹೋಗಿ ಆರು ತಿಂಗಳು ದಾಟಿಸಿ ಕೂತರೆ ಆ ಮೂರು ವರ್ಷದ ಲೆಕ್ಕ ಕೆಡಬಹುದು. ಅಮ್ಮಂದಿರೇ, ಇದನ್ನು ನಿಮಗೂ ಸೇರಿಸಿ ಹೇಳುತ್ತಿದ್ದೇನೆ.

ಈಗ ಹೇಳಲೇಬೇಕಾದ, ಯಾರೂ ಹೇಳದ ಮಾತು. ಐ-751ಕ್ಕೆ ಇಬ್ಬರೂ ಸಹಿ ಹಾಕಬೇಕು. ಈ ಒಂದು ಸಹಿಯನ್ನು ಹಿಡಿದುಕೊಂಡು ಹೆದರಿಸುವ ಗಂಡಂದಿರಿದ್ದಾರೆ. ಅತ್ತೆಯರೂ ಇದ್ದಾರೆ. "ಸಹಿ ಹಾಕಲ್ಲ, ಕಾರ್ಡು ಕ್ಯಾನ್ಸಲ್ ಮಾಡಿಸ್ತೀನಿ, ನಾಳೇನೇ ಏರ್‌ಪೋರ್ಟಿಗೆ ಬಿಡ್ತೀನಿ." ಈ ಮಾತನ್ನು ನಾನು ಒಂದಲ್ಲ, ಮೂರು ಹೆಣ್ಣುಮಕ್ಕಳ ಬಾಯಿಂದ ಕೇಳಿದ್ದೇನೆ. ಮೂವರೂ ಓದಿದವರು.

ಕಾರ್ಡು ಕ್ಯಾನ್ಸಲ್ ಮಾಡುವ ಅಧಿಕಾರ ಗಂಡನಿಗಿಲ್ಲ. ಸಹಿ ಹಾಕದೇ ಇರಬಹುದು, ಅಷ್ಟೇ. ಹಾಕದಿದ್ದರೆ ನೀವೊಬ್ಬರೇ ಅದೇ ಫಾರಂ ತುಂಬಿಸಬಹುದು, ಜಂಟಿ ಸಹಿಯಿಂದ ವಿನಾಯಿತಿ ಕೇಳಿ. ಮದುವೆ ಪ್ರಾಮಾಣಿಕವಾಗಿಯೇ ಆಗಿತ್ತು, ಆದರೆ ಡೈವೋರ್ಸಿನಲ್ಲಿ ಮುಗಿಯಿತು ಅಂದರೆ ಒಂದು ದಾರಿ. ಗಂಡ ಹೊಡೆದರೆ, ಅಥವಾ ಹೊಡೆಯದೆಯೂ ವಿಪರೀತ ಹಿಂಸೆ ಕೊಟ್ಟರೆ ಇನ್ನೊಂದು ದಾರಿ, ಇದಕ್ಕೆ ಡೈವೋರ್ಸ್ ಆಗಿರಲೇಬೇಕು ಅಂತಿಲ್ಲ. 1986ರ ಕಾನೂನಿನಲ್ಲಿ ಈ ದಾರಿ ಇರಲಿಲ್ಲ. ಹೊಡೆಸಿಕೊಂಡಾದರೂ ಎರಡು ವರ್ಷ ಕಳೆಯಬೇಕಾದ ಪರಿಸ್ಥಿತಿ ಹೆಂಗಸರಿಗೆ ಬಂತು, 1990ರಲ್ಲಿ ಇದನ್ನು ಸೇರಿಸಿದರು. ವಾಪಸ್ ಕಳಿಸಿದರೆ ತೀರಾ ಕಷ್ಟಕ್ಕೆ ಬೀಳುತ್ತೇನೆ ಅನ್ನುವವರಿಗೆ, ಸಂಗಾತಿ ತೀರಿಕೊಂಡವರಿಗೆ ಕೂಡ ವಿನಾಯಿತಿ ಇದೆ. ಇವಕ್ಕೆ 90 ದಿನದ ಕಿಟಕಿ ತೆರೆಯೋವರೆಗೆ ಕಾಯಬೇಕಿಲ್ಲ. ಹಿಂಸೆಯ ಅರ್ಜಿಯ ವಿಷಯವನ್ನು ಗಂಡನಿಗೆ ತಿಳಿಸದ ಹಾಗೆ ಗುಟ್ಟಾಗಿಡಬೇಕು ಅಂತಲೂ ಕಾನೂನಿದೆ.

ಇನ್ನೊಂದು ಗೊತ್ತಿರಲಿ. ನಿಮ್ಮನ್ನು ಕರೆಸಿಕೊಳ್ಳುವಾಗ ಅವರು ಐ-864 ಅನ್ನುವ ಪತ್ರಕ್ಕೆ ಸಹಿ ಹಾಕಿದ್ದಾರೆ, ನಿಮ್ಮ ಖರ್ಚಿಗೆ ನಾನು ಹೊಣೆ ಅಂತ. ಆ ಹೊಣೆ ಡೈವೋರ್ಸ್ ಆದರೂ ತಾನಾಗಿ ಕಳಚಿಕೊಳ್ಳುವುದಿಲ್ಲ.

ಇಂಥ ಕೇಸಿಗೆ ಮಾತ್ರ ನೀವೇ ಫಾರಂ ತುಂಬಿಸೋಕೆ ಹೋಗಬೇಡಿ. ಎಲ್ಲಾ ಸರಿಯಿರುವ ಜೋಡಿ ವಕೀಲರಿಲ್ಲದೆ ಮಾಡಿಕೊಳ್ಳಬಹುದು, ನಾವು ಹಾಗೇ ಮಾಡಿದೆವು. ಆದರೆ ಗಂಡನಿಂದ ದೂರ ಇದ್ದರೆ, ಡೈವೋರ್ಸ್ ನಡೀತಿದ್ದರೆ, ಹಿಂಸೆ ಇದ್ದರೆ ವಲಸೆ ಕಾನೂನಿನ ವಕೀಲರನ್ನೇ ನೋಡಿ. ಕನ್ನಡ ಕೂಟದ ಅಂಕಲ್ ಎಷ್ಟೇ ಒಳ್ಳೆಯವರಾದರೂ ಅವರು ಸಾಫ್ಟ್‌ವೇರ್ ಇಂಜಿನಿಯರ್. ನಮ್ಮ ಕಡೆಯ ಹೆಣ್ಣುಮಕ್ಕಳ ಪರಿಸ್ಥಿತಿ ಗೊತ್ತಿರುವ ಸಂಸ್ಥೆಗಳಿವೆ. ನ್ಯೂಜೆರ್ಸಿಯಲ್ಲಿ ಮಾನವಿ, ನ್ಯೂಯಾರ್ಕಿನಲ್ಲಿ ಸಖಿ, ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಮೈತ್ರಿ, ಶಿಕಾಗೋದಲ್ಲಿ ಅಪ್ನಾ ಘರ್. ಮನೆಯೊಳಗಿನ ಹಿಂಸೆಗೆ ಸಿಕ್ಕವರಿಗೆ ಅಂತ ಇಡೀ ದೇಶಕ್ಕೆ ಇರುವ ಸಹಾಯವಾಣಿ 1-800-799-7233, ಹಗಲು ರಾತ್ರಿ ಎತ್ತುತ್ತಾರೆ.

ಊರಲ್ಲಿರುವ ಅಪ್ಪ-ಅಮ್ಮಂದಿರಿಗೆ ಎರಡೇ ಮಾತು. ಮಗಳು ಫೋನಿನಲ್ಲಿ ಸುಮ್ನೆ ಅತ್ತರೆ, "ಕಾರ್ಡು ಬರೋವರೆಗೆ ಹೇಗಾದ್ರೂ ಅಡ್ಜಸ್ಟ್ ಮಾಡ್ಕೋ" ಅನ್ನಬೇಡಿ. ಕಾರ್ಡಿಗೆ ಬೇರೆ ದಾರಿ ಇದೆ, ಈಗಷ್ಟೇ ಓದಿದಿರಿ. ಮತ್ತೆ, ಎಲ್ಲಾ ಚೆನ್ನಾಗಿರುವ ಮನೆಯ ಮಗಳಿಗೆ ವಾರವಾರ "ಇನ್ನೂ ಬಂದಿಲ್ವಾ? ಪಕ್ಕದ ಮನೆಯವರ ಮಗಳಿಗೆ ಬಂತಂತೆ" ಅನ್ನಬೇಡಿ. ಬಂದರೆ ಅವಳೇ ಹೇಳುತ್ತಾಳೆ.

ಕರೆಸಿಕೊಂಡ ಗಂಡಂದಿರಿಗೆ, ಕರೆಸಿಕೊಂಡ ಹೆಂಡತಿಯರಿಗೂ: ಅವರು ಬಂದ ಮೊದಲ ತಿಂಗಳೇ ಬ್ಯಾಂಕಿಗೆ ಕರೆದುಕೊಂಡು ಹೋಗಿ. ಬಾಡಿಗೆ ಕರಾರಿನಲ್ಲಿ ಹೆಸರು ಸೇರಿಸಿ. ಒಂದು ಸಾಲು ಸೇರಿಸೋಕೆ ಸೋಮಾರಿತನ ಮಾಡಿದರೆ ಎರಡು ವರ್ಷ ಬಿಟ್ಟು ಎರಡು ಪುಟ ವಿವರಣೆ ಬರೆಯಬೇಕಾಗುತ್ತದೆ. ನಮ್ಮ ಮನೆಯಲ್ಲಿ ಆ ಎರಡು ಪುಟ ಮಾವನವರು ಬರೆದರು, ನಿಮಗೆ ಅಂಥ ಮಾವ ಇಲ್ಲದಿರಬಹುದು.

ಅಫಿಡವಿಟ್ ಅಂದಾಗ ನೆನಪಾಯಿತು. ನಿಮ್ಮಿಬ್ಬರನ್ನೂ ಬಲ್ಲ ಕನಿಷ್ಠ ಇಬ್ಬರ ಹತ್ತಿರ ಇಂಥ ಪತ್ರ ಬರೆಸಿಡಿ. ಬರೆಯುವವರಿಗೆ "ಇವರು ಆದರ್ಶ ದಂಪತಿಗಳು, ಅನ್ಯೋನ್ಯವಾಗಿದ್ದಾರೆ" ಅಂತ ಬರೆಯಬೇಡಿ ಅನ್ನಿ. ಅದು ಮದುವೆ ಆರತಕ್ಷತೆಯ ಬ್ಯಾನರಿನ ಭಾಷೆ. ಕಣ್ಣಾರೆ ಕಂಡದ್ದು ಬರೆಯಬೇಕು. ಯಾವಾಗ, ಎಲ್ಲಿ, ಏನು ನೋಡಿದೆ ಅಂತ.

ಮಂಡ್ಯದ ಹುಡುಗಿಗೆ ನಾನೇ ಒಂದು ಬರೆದುಕೊಡುತ್ತಿದ್ದೇನೆ. ಅವಳ ಫೈಲು ಈ ಶುಕ್ರವಾರ ಹೋಗಬೇಕು. ಅವಳೇ ಪಂಚ್ ಹೊಡೆದು, ಬಣ್ಣದ ಚೀಟಿ ಅಂಟಿಸಿ, ತಾರೀಖಿನ ಪ್ರಕಾರ ಜೋಡಿಸಿದ್ದಾಳೆ. ಗಂಡ ಪ್ರಿಂಟರ್ ಕಾಯುತ್ತಿದ್ದಾನೆ. ನನ್ನ ಪತ್ರ ಇಲ್ಲಿಯವರೆಗೆ ಹೀಗಿದೆ: "ಹೋದ ಜನವರಿಯ ಹಿಮ ಬಿದ್ದ ರಾತ್ರಿ ಇವರ ಹೀಟರ್ ಕೆಟ್ಟಿತ್ತು. ಇಬ್ಬರೂ ಒಂದು ಕಂಬಳಿ, ಒಂದು ರೈಸ್ ಕುಕ್ಕರ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಕುಕ್ಕರ್ ತರೋಕೆ ಹೇಳಿದ್ದು ಯಾರು ಅಂತ ಬಾಗಿಲಲ್ಲೇ ಜಗಳ ಆಡುತ್ತಿದ್ದರು."